ಕಿವುಡ ಮಕ್ಕಳ ಕೈಗೆ ಪುಸ್ತಕ



ದೀಕ್ಷಾಸ್ನಾನದಲ್ಲಿ ಗುರುವು ಶಿಶುವಿನ ಕಿವಿ ಬಾಯಿಗಳನ್ನು ಮುಟ್ಟಿ ಪ್ರಾರ್ಥಿಸುವುದನ್ನು ಕಂಡಿದ್ದೀರಿ. 'ಎಫ್ಫಥಾ' ಎಂಬ ಈ ವಿಧಿಯ ಮೂಲವು ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿದೆ. ಪ್ರಭು ಕಿವುಡನನ್ನು ಗುಂಪಿನಿಂದ ಪ್ರತ್ಯೇಕವಾಗಿ ಕರೆದೊಯ್ದು, ಅವನ ಕಿವಿಯನ್ನೂ ನಾಲಿಗೆಯನ್ನೂ ಮುಟ್ಟಿ, ಆಕಾಶದತ್ತ ನೋಡಿದರು; ಮಾತನಾಡಿದ್ದು ಅನಂತರ. ಕೇಳದವನಿಗೆ ಕಣ್ಣಿಗೆ ಕಾಣುವಂತೆ ತಿಳಿಸಬೇಕೆಂಬುದನ್ನು ಲೋಕವು ಇಲ್ಲಿಂದಲೇ ಕಲಿಯಬಹುದಿತ್ತು.

ಆದರೂ ಕಿವುಡರಿಗೆ ವಿದ್ಯೆ ಬಾರದೆಂಬ ನಂಬಿಕೆ ಬಹುಕಾಲ ಉಳಿಯಿತು. 16ನೆಯ ಶತಮಾನದಲ್ಲಿ ಸ್ಪೇನಿನ ಓನ್ಯಾ ಮಠದ ಬೆನೆಡಿಕ್ಟೀನ್ ಸನ್ಯಾಸಿ ಪೆದ್ರೋ ಪೊನ್ಸೆ ದೆ ಲಿಯೋನ್ ಶ್ರೀಮಂತರ ಕಿವುಡ ಮಕ್ಕಳಿಗೆ ಓದುಬರಹ ಕಲಿಸಿ ಅದನ್ನು ಸುಳ್ಳಾಗಿಸಿದರು. ಪ್ಯಾರಿಸಿನ ಗುರು ಶಾರ್ಲ್ ಮಿಶೆಲ್ ದ ಲೆಪೆ (1712–1789) ಬಡಮಕ್ಕಳಿಗೂ ಶಾಲೆ ತೆರೆದರು. ಕಿವುಡರು ತಮ್ಮತಮ್ಮಲ್ಲಿ ಬಳಸುತ್ತಿದ್ದ ಕೈಸನ್ನೆಯನ್ನು ತಾವೇ ಕಲಿತು, ಅದರ ಮೂಲಕ ಫ್ರೆಂಚ್ ಓದಿಸಿದ್ದು ಅವರ ಹಿರಿಮೆ. 1880ರಲ್ಲಿ ಮಿಲಾನ್ ಸಮ್ಮೇಳನವು ಸನ್ನೆಯನ್ನು ಶಾಲೆಗಳಿಂದ ಹೊರಗಟ್ಟಲು ನಿರ್ಣಯಿಸಿತು. ಅದರ ಅಧ್ಯಕ್ಷರೂ ಒಬ್ಬ ಗುರುವೇ ಎಂಬುದನ್ನು ಮರೆಮಾಚಲಾಗದು. ಆ ನಿರ್ಣಯಕ್ಕಾಗಿ ವಿಷಾದ ವ್ಯಕ್ತವಾದದ್ದು 2010ರಲ್ಲಿ, ವ್ಯಾಂಕೂವರ್ ಸಮ್ಮೇಳನದಲ್ಲಿ.

ಕೇಳುವ ಮಗು ಸಾವಿರಾರು ಮಾತುಗಳನ್ನು ಹೊತ್ತೇ ಶಾಲೆಗೆ ಬರುತ್ತದೆ. ಅಕ್ಷರ ಕಲಿತೊಡನೆ ಪರಿಚಿತ ಮಾತೇ ಪುಟದಲ್ಲಿ ಎದುರಾಗುತ್ತದೆ. ಕಿವುಡ ಮಗುವಿಗೆ ಆ ಭಂಡಾರವಿಲ್ಲದಿದ್ದರೆ ಅಕ್ಷರಗಳು ಬರಿಯ ಗೆರೆಗಳು. ತುಟಿ ನೋಡಿ ತಿಳಿಯಲಿ ಎನ್ನುವವರು ಕನ್ನಡಿಯ ಮುಂದೆ ದನಿಯಿಲ್ಲದೆ 'ಪರ, ಬರ, ಮರ' ಎಂದು ಹೇಳಿ ನೋಡಲಿ. ತುಟಿಗೆ ಮೂರೂ ಒಂದೇ! ಮನೆಗೆ, ಮನೆಯಲ್ಲಿ, ಮನೆಯಿಂದ ಎಂಬಲ್ಲಿ ಅರ್ಥವನ್ನು ಬದಲಿಸುವ ಪ್ರತ್ಯಯವೂ ತುಟಿಯ ಮೇಲೆ ಸ್ಪಷ್ಟವಾಗಿ ಕಾಣದು. ಬರೆದು ತೋರಿಸಬೇಕು, ಸನ್ನೆಯಿಂದ ವಿವರಿಸಬೇಕು. ಸನ್ನೆಯಿಂದ ಓದು ಕೆಡುವುದೆಂಬ ಭಯ ನಿರಾಧಾರ. ಸನ್ನೆಭಾಷೆಯನ್ನು ಚೆನ್ನಾಗಿ ಬಲ್ಲ ಮಕ್ಕಳು ಸಾಮಾನ್ಯವಾಗಿ ಓದಿನಲ್ಲೂ ಮುಂದಿರುವುದನ್ನು ಸಂಶೋಧಕರು ಕಂಡಿದ್ದಾರೆ. ಶ್ರವಣಯಂತ್ರ ಬೇಡವೆಂದು ನಾವು ಹೇಳುತ್ತಿಲ್ಲ. ಸಂಶಯ ಬಂದೊಡನೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಮಗುವನ್ನು ತೋರಿಸಿರಿ. ಹರಕೆ ಹೊತ್ತು ವರ್ಷಗಳನ್ನು ಕಳೆಯಬೇಡಿರಿ. (ಪರೀಕ್ಷೆ ಮಾಡಿಸಿದ ಮೇಲೂ ಹರಕೆ ಹೊರಬಹುದು.)

ನಮ್ಮ ಧರ್ಮಕೇಂದ್ರದಲ್ಲಿ ಕಿವುಡ ಮಕ್ಕಳನ್ನು ಪ್ರಥಮ ಪರಮಪ್ರಸಾದದ ತರಗತಿಗೆ ತರಲು ಕೆಲವರು ಹಿಂಜರಿಯುತ್ತಾರೆ. "ಪ್ರಾರ್ಥನೆಯನ್ನು ನೋಡಿ ಬರೆಯುತ್ತಾನೆ ಸ್ವಾಮಿ, ಅರ್ಥ ತಿಳಿಯದು" ಎನ್ನುತ್ತಾರೆ. ಕರೆತನ್ನಿರಿ. ಶತಮಾನೋತ್ಸವಕ್ಕೆ ಕೊಂಡ ಹೊಸ ಧ್ವನಿವರ್ಧಕದಿಂದ ಈ ಮಕ್ಕಳಿಗೇನೂ ದಕ್ಕದು. ಆದುದರಿಂದ ಆಗಮನಕಾಲದ ಮೊದಲ ಭಾನುವಾರದಿಂದ ವಾಚನಗಳನ್ನೂ ಪ್ರಬೋಧನೆಯ ಸಾರವನ್ನೂ ಸರಳ ಕನ್ನಡದಲ್ಲಿ ಅಚ್ಚುಮಾಡಿಸಿ ಶನಿವಾರವೇ ಆ ಮನೆಗಳಿಗೆ ತಲುಪಿಸುತ್ತೇವೆ. ಎರಡನೆಯ ಪೂಜೆಯ ತರುವಾಯ ಗುರುಮನೆಯಲ್ಲಿ ಸನ್ನೆಭಾಷೆಯ ಪಾಠ ನಡೆಯುವುದು, ತಂದೆತಾಯಿಗಳಿಗೂ ನಮಗೂ.