ರಾಜನ ಪಟ್ಟಾಭಿಷೇಕ, ಬಿಲ್ಲು ಯಾರ ಹೆಸರಿಗೆ?

(ಪ್ರಸಾರ: ನವೆಂಬರ್ 2024)

ಇವತ್ತು ಸ್ವಲ್ಪ ದೂರದ ಸುದ್ದಿ. ದೂರದ್ದು ಅಂತ ಚಾನೆಲ್ ಬದಲಾಯಿಸಬೇಡಿ, ಸುತ್ತಾಡಿಕೊಂಡು ಕೊನೆಗೆ ಮೈಸೂರಿಗೇ ಬರ್ತೀನಿ.

2023ರ ಮೇ 6, ಶನಿವಾರ. ನಿಮಗೆ ಆ ದಿನ ನೆನಪಿರೋದು ಬೇರೆ ಕಾರಣಕ್ಕೆ. ನಮ್ಮ ವಿಧಾನಸಭೆ ಚುನಾವಣೆಗೆ ನಾಲ್ಕೇ ದಿನ ಬಾಕಿ, ಬೆಂಗಳೂರಿನಲ್ಲಿ ಪ್ರಧಾನಿಯವರ ರೋಡ್ ಶೋ. ಪರದೆಯ ಒಂದು ಕಿಟಕಿಯಲ್ಲಿ ಆ ಹೂವಿನ ಮಳೆ ಓಡ್ತಾ ಇತ್ತು. ಮಧ್ಯಾಹ್ನವಾಗ್ತಿದ್ದಂತೆ ಇನ್ನೊಂದು ಕಿಟಕಿಯಲ್ಲಿ ಲಂಡನ್ ಬಂತು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮೂರನೇ ಚಾರ್ಲ್ಸ್ ತಲೆ ಮೇಲೆ ಕಿರೀಟ. ಚಿನ್ನದ ಸಾರೋಟು, ಕುದುರೆಗಳು, ಕೆಂಪು ಕೋಟಿನ ಸೈನಿಕರು. ಬೆಂಗಳೂರಿನ ಅಳಿಯ ರಿಷಿ ಸುನಕ್ ಆಗ ಅಲ್ಲಿ ಪ್ರಧಾನಿ. ಅವರು ಎದ್ದು ನಿಂತು ಬೈಬಲ್ ಓದಿದಾಗ ನಮ್ಮ ಡೆಸ್ಕ್‌ನಲ್ಲಿ ಎಲ್ಲರೂ ಕೆಲಸ ಬಿಟ್ಟು ನೋಡಿದ್ವಿ. ಸುಳ್ಳು ಯಾಕೆ ಹೇಳಲಿ, ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ. ಮೆರವಣಿಗೆ ಅಂದ್ರೆ ಹಾಗೇ ಅಲ್ವಾ, ಯಾರ ದುಡ್ಡು ಅನ್ನೋ ಪ್ರಶ್ನೆ ಆ ಹೊತ್ತಿಗೆ ತಲೆಗೆ ಬರೋದಿಲ್ಲ.

ಆ ಪ್ರಶ್ನೆಗೆ ಉತ್ತರ ಬಂದಿರೋದು ಈಗ, ಒಂದೂವರೆ ವರ್ಷದ ಮೇಲೆ. ಬ್ರಿಟನ್ನಿನ ಸಂಸ್ಕೃತಿ ಇಲಾಖೆ ಈ ತಿಂಗಳು ತನ್ನ ವಾರ್ಷಿಕ ಲೆಕ್ಕಪತ್ರ ಹೊರಗಿಟ್ಟಿದೆ. ಪಟ್ಟಾಭಿಷೇಕಕ್ಕೆ ಆ ಇಲಾಖೆ ಖರ್ಚು ಮಾಡಿದ್ದು 5 ಕೋಟಿ 3 ಲಕ್ಷ ಪೌಂಡ್. ಪೊಲೀಸ್ ಬಂದೋಬಸ್ತಿಗೆ ಗೃಹ ಇಲಾಖೆ ಕೊಟ್ಟಿದ್ದು 2 ಕೋಟಿ 17 ಲಕ್ಷ. ಒಟ್ಟು 7 ಕೋಟಿ 20 ಲಕ್ಷ ಪೌಂಡ್. ನಮ್ಮ ಲೆಕ್ಕದಲ್ಲಿ 760 ಕೋಟಿ ರೂಪಾಯಿ ಹತ್ತಿರ. ಇದು ತೆರಿಗೆ ಹಣ, ಪೂರ್ತಿ.

ಇಷ್ಟು ಹೇಳಿದ ತಕ್ಷಣ ರಾಜಮನೆತನದ ಅಭಿಮಾನಿಗಳು ಒಂದು ಭಾಗಾಕಾರ ಮಾಡ್ತಾರೆ. ದೇಶದ ಜನಸಂಖ್ಯೆ 6 ಕೋಟಿ 80 ಲಕ್ಷ. ತಲೆಗೆ ಒಂದು ಪೌಂಡ್ ಚಿಲ್ಲರೆ. ಒಂದು ಲೋಟ ಕಾಫಿಗೂ ಸಾಲದ ದುಡ್ಡಿಗೆ ಇಷ್ಟು ಗಲಾಟೆ ಯಾಕೆ ಸ್ವಾಮಿ ಅಂತ. ನಾನು ಎಂಜಿನಿಯರಿಂಗ್ ಓದಿದವನು, ಭಾಗಾಕಾರ ಕಂಡ್ರೆ ಕೈ ಕಡಿಯುತ್ತೆ. ಈ ವಿದ್ಯೆ ಇದೆಯಲ್ಲ, ಇದರಲ್ಲಿ ಎಂಥಾ ದುಂದುವೆಚ್ಚವನ್ನಾದ್ರೂ ಕರಗಿಸಿಬಿಡಬಹುದು. ಛೇದಕ್ಕೆ ಇಡೀ ದೇಶವನ್ನು ಹಾಕಿದ್ರೆ ಯಾವ ಖರ್ಚು ತಾನೇ ದೊಡ್ಡದಾಗಿ ಕಾಣುತ್ತೆ?

ಹಾಗಾಗಿ ಬೇರೆ ಥರ ಭಾಗಿಸೋಣ. ಇದೇ ವರ್ಷ ಜುಲೈನಲ್ಲಿ ಅಲ್ಲಿನ ಹೊಸ ಲೇಬರ್ ಸರ್ಕಾರ ಒಂದು ತೀರ್ಮಾನ ತಗೊಂಡಿತು. ಚಳಿಗಾಲದಲ್ಲಿ ಮನೆ ಬೆಚ್ಚಗಿಟ್ಟುಕೊಳ್ಳೋಕೆ ಪಿಂಚಣಿದಾರರಿಗೆ ವರ್ಷಕ್ಕೊಮ್ಮೆ 200ರಿಂದ 300 ಪೌಂಡ್ ಕೊಡ್ತಾ ಇದ್ರು. ಖಜಾನೆಯಲ್ಲಿ ದುಡ್ಡಿಲ್ಲ ಅಂತ ಹಣಕಾಸು ಸಚಿವೆ ರೇಚೆಲ್ ರೀವ್ಸ್ ಅದನ್ನು ತೀರಾ ಬಡವರಿಗಷ್ಟೇ ಸೀಮಿತ ಮಾಡಿದ್ರು. ಸುಮಾರು ಒಂದು ಕೋಟಿ ಹಿರಿಯರ ಕೈಯಿಂದ ಆ ಹಣ ಹೋಯ್ತು. ಅಂದ್ರೆ ಕಿರೀಟದ ಬಿಲ್ಲು ಹೊರಬಿದ್ದಿರೋದೂ, ಆ ಹಣವಿಲ್ಲದ ಮೊದಲ ಚಳಿಗಾಲ ಶುರುವಾಗಿರೋದೂ ಒಂದೇ ತಿಂಗಳು. 7 ಕೋಟಿ 20 ಲಕ್ಷವನ್ನು 300ರಿಂದ ಭಾಗಿಸಿ. 2 ಲಕ್ಷ 40 ಸಾವಿರ ಅಜ್ಜ ಅಜ್ಜಿಯರ ಒಂದು ಚಳಿಗಾಲ.

ಆದ್ರೆ ಲೆಕ್ಕ ಅಂದ ಮೇಲೆ ಪೂರ್ತಿ ಹೇಳಬೇಕು, ನಮಗೆ ಬೇಕಾದ ಕಡೆ ನಿಲ್ಲಿಸಬಾರದು. ಆ ಕಡಿತದಿಂದ ಸರ್ಕಾರ ಉಳಿಸಲು ಹೊರಟಿರೋದು ವರ್ಷಕ್ಕೆ ಸುಮಾರು 140 ಕೋಟಿ ಪೌಂಡ್. ಪಟ್ಟಾಭಿಷೇಕದ ಖರ್ಚಿನ ಸುಮಾರು 20 ಪಟ್ಟು. ಕಿರೀಟ ಇಡದೇ ಇದ್ದಿದ್ರೆ ಎಲ್ಲಾ ಮುದುಕರ ಮನೆ ಬೆಚ್ಚಗಿರ್ತಿತ್ತು ಅಂತ ನಾನು ಇಲ್ಲಿ ಕೂತು ಗುಡುಗಿದ್ರೆ ನೀವು ಚಪ್ಪಾಳೆ ಹೊಡೀಬಹುದು, ಆದ್ರೆ ಅದು ಸುಳ್ಳು. ಆ ದುಡ್ಡಿನಿಂದ ಬಡತನ ಹೋಗ್ತಿರಲಿಲ್ಲ. ಹಾಗಾದ್ರೆ ತಕರಾರು ಏನು?

ನಮ್ಮಲ್ಲೊಂದು ಗಾದೆ ಇದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಈ ಗಾದೆ ಹೇಳೋದು ಬಡವನಿಗೆ. ನಿನ್ನ ಹಸಿವು ಮರೆತು ನಿನ್ನ ಜುಟ್ಟಿಗೆ ಯಾಕಪ್ಪಾ ಹೂವು ಅಂತ. ಅಲ್ಲಿ ಹೊಟ್ಟೆ, ಜುಟ್ಟು ಎರಡೂ ಒಬ್ಬನದೇ. ಲಂಡನ್ನಿನಲ್ಲಿ ಹೊಟ್ಟೆ ಒಬ್ಬರದು, ಜುಟ್ಟು ಇನ್ನೊಬ್ಬರದು.

ಆ ಹೊಟ್ಟೆಯ ಕಥೆ ಕೇಳಿ. 2022ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಹಣದುಬ್ಬರ ಶೇಕಡಾ 11.1 ಮುಟ್ಟಿತ್ತು, ನಲವತ್ತು ವರ್ಷದಲ್ಲೇ ಅತಿ ಹೆಚ್ಚು. ಪಟ್ಟಾಭಿಷೇಕಕ್ಕೆ ಎರಡು ತಿಂಗಳ ಮುಂಚೆ ಆಹಾರ ಪದಾರ್ಥಗಳ ಬೆಲೆ ಹಿಂದಿನ ವರ್ಷಕ್ಕಿಂತ ಶೇಕಡಾ 19ರಷ್ಟು ಏರಿತ್ತು. ಟ್ರಸೆಲ್ ಟ್ರಸ್ಟ್ ಅನ್ನೋ ಸಂಸ್ಥೆ ಊರೂರಲ್ಲಿ ಫುಡ್ ಬ್ಯಾಂಕ್ ನಡೆಸುತ್ತೆ, ಪುಕ್ಕಟೆ ದಿನಸಿ ಚೀಲ ಕೊಡೋ ಜಾಗ. 2023ರ ಮಾರ್ಚ್‌ವರೆಗಿನ ಒಂದೇ ವರ್ಷದಲ್ಲಿ ಅವರು ಹಂಚಿದ ಚೀಲಗಳು ಸುಮಾರು 30 ಲಕ್ಷ. ಅದರಲ್ಲಿ 10 ಲಕ್ಷಕ್ಕೂ ಹೆಚ್ಚು ಮಕ್ಕಳಿಗಾಗಿ. ನರ್ಸುಗಳು, ಕಿರಿಯ ವೈದ್ಯರು ಸಂಬಳ ಸಾಲಲ್ಲ ಅಂತ ಮುಷ್ಕರ ಕೂತಿದ್ದ ಕಾಲ ಅದು. ನಮ್ಮನ್ನು ಇನ್ನೂರು ವರ್ಷ ಆಳಿದ ದೇಶದ ಬಗ್ಗೆನೇ ಮಾತಾಡ್ತಿದ್ದೀನಿ, ಬೇರೆ ಯಾವುದೋ ದೇಶ ಅಲ್ಲ.

ಇನ್ನು ಜುಟ್ಟು. ಚಾರ್ಲ್ಸ್ ಬಡವರಲ್ಲ. ಡಚಿ ಆಫ್ ಲ್ಯಾಂಕಾಸ್ಟರ್ ಅನ್ನೋ ಜಮೀನು-ಆಸ್ತಿಯಿಂದ ಅವರಿಗೆ ವರ್ಷಕ್ಕೆ ಎರಡೂವರೆ ಕೋಟಿ ಪೌಂಡಿಗೂ ಮೀರಿದ ಖಾಸಗಿ ಆದಾಯ. ಅಮ್ಮನಿಂದ ಬಂದ ಆಸ್ತಿಗೆ ಉತ್ತರಾಧಿಕಾರ ತೆರಿಗೆ ಕಟ್ಟಲಿಲ್ಲ, 1993ರ ಒಪ್ಪಂದದ ಪ್ರಕಾರ ಕಟ್ಟಬೇಕಾಗಿಯೂ ಇರಲಿಲ್ಲ. ಸಾಮಾನ್ಯ ಪ್ರಜೆ ಒಂದು ಮಿತಿ ದಾಟಿದ ಆಸ್ತಿಗೆ ಶೇಕಡಾ 40 ಕಟ್ಟಬೇಕು. ಸರ್ಕಾರ ಅರಮನೆಗೆ ಕೊಡುವ ವಾರ್ಷಿಕ ಅನುದಾನ 8 ಕೋಟಿ 63 ಲಕ್ಷ ಪೌಂಡ್ ಇತ್ತು, ಮುಂದಿನ ವರ್ಷ ಅದು 13 ಕೋಟಿ ದಾಟುತ್ತೆ. ಬಕಿಂಗ್‌ಹ್ಯಾಮ್ ಅರಮನೆ ರಿಪೇರಿಗೆ ಅಂತ ಕಾರಣ ಕೊಟ್ಟಿದ್ದಾರೆ. ಮುದುಕರ ಹೀಟರಿಗೆ ಇಲ್ಲದ ಹಣ ಅರಮನೆಯ ವೈರಿಂಗಿಗೆ ಇದೆ.

ಅದೂ ಹೋಗಲಿ, ಈ ಪಟ್ಟಾಭಿಷೇಕ ಮಾಡಲೇಬೇಕಿತ್ತಾ? ಕಾನೂನು ಪ್ರಕಾರ ಇಲ್ಲ. 2022ರ ಸೆಪ್ಟೆಂಬರ್ 8ರಂದು ಎಲಿಜಬೆತ್ ಕಣ್ಣು ಮುಚ್ಚಿದ ಕ್ಷಣವೇ ಚಾರ್ಲ್ಸ್ ರಾಜ. ಕಿರೀಟ ತಲೆ ಮೇಲೆ ಇಡುವ ಪದ್ಧತಿಯನ್ನು ಯುರೋಪಿನ ಉಳಿದ ರಾಜಮನೆತನಗಳು ಯಾವತ್ತೋ ಕೈಬಿಟ್ಟಿವೆ. ಈ ವರ್ಷ ಜನವರಿ 14ಕ್ಕೆ ಡೆನ್ಮಾರ್ಕ್‌ನಲ್ಲಿ ಹತ್ತನೇ ಫ್ರೆಡರಿಕ್ ರಾಜನಾದ. ಪ್ರಧಾನಿ ಬಾಲ್ಕನಿಗೆ ಬಂದು ಘೋಷಣೆ ಮಾಡಿದ್ರು, ರಾಜ ಎರಡು ಮಾತಾಡಿದ, ಕೆಳಗೆ ಚಳಿಯಲ್ಲಿ ನಿಂತಿದ್ದ ಜನ ಕೂಗಿ ಕುಣಿದ್ರು. ಕಿರೀಟ ಇಡಲಿಲ್ಲ. ಅಲ್ಲಿನ ರಾಜತನಕ್ಕೆ ಏನೂ ಕಮ್ಮಿ ಆಗಲಿಲ್ಲ.

ಬ್ರಿಟನ್ ಸರ್ಕಾರದ ವಾದವನ್ನೂ ಹೇಳಿಬಿಡ್ತೀನಿ. ಒಂದು ತಲೆಮಾರಿಗೆ ಒಮ್ಮೆ ಬರೋ ಸಂದರ್ಭ, ದೇಶ ಒಂದಾಯ್ತು, ಜಗತ್ತು ನೋಡಿತು ಅಂತ. ಅರಮನೆಯವರು ಕೂಡ ಇದನ್ನು ಚಿಕ್ಕದಾಗೇ ಮಾಡಿದ್ರು. 1953ರಲ್ಲಿ ಎಂಟು ಸಾವಿರ ಅತಿಥಿಗಳಿದ್ರೆ ಈ ಸಲ 2,200ರ ಆಸುಪಾಸು. ಇದರಲ್ಲೆಲ್ಲಾ ಸತ್ಯ ಇದೆ. ಆದ್ರೆ ದೇಶ ಒಂದಾಯ್ತಾ? ಪಟ್ಟಾಭಿಷೇಕಕ್ಕೆ ಮುಂಚೆ ಯೂಗವ್ ಸಂಸ್ಥೆ ಸಮೀಕ್ಷೆ ಮಾಡಿತ್ತು. ಸರ್ಕಾರ ಇದರ ಖರ್ಚು ಕೊಡಬಾರದು ಅಂದವರು ಶೇಕಡಾ 51, ಕೊಡಲಿ ಅಂದವರು 32. ಅರ್ಧಕ್ಕಿಂತ ಹೆಚ್ಚು ಜನ ಬೇಡ ಅಂದಿದ್ರು. ಅವತ್ತು ಬೆಳಗ್ಗೆ ಟ್ರಫಾಲ್ಗರ್ ಚೌಕದಲ್ಲಿ ಅದನ್ನೇ ಕೂಗಿ ಹೇಳೋಕೆ ಹೊರಟಿದ್ದ 'ರಿಪಬ್ಲಿಕ್' ಸಂಘಟನೆಯ ಮುಖ್ಯಸ್ಥ ಗ್ರಹಾಂ ಸ್ಮಿತ್‌ರನ್ನು ಪ್ರತಿಭಟನೆ ಶುರುವಾಗೋ ಮೊದಲೇ ಪೊಲೀಸರು ಎತ್ತಿಕೊಂಡು ಹೋದ್ರು. ಆಮೇಲೆ ವಿಷಾದ ವ್ಯಕ್ತಪಡಿಸಿದ್ರು, ಅದು ಬೇರೆ ಮಾತು. 2 ಕೋಟಿ 17 ಲಕ್ಷ ಪೌಂಡಿನ ಬಂದೋಬಸ್ತಿನಲ್ಲಿ ಇದೂ ಸೇರಿತ್ತು. ದುಡ್ಡು ಯಾರದು ಅಂತ ಕೇಳೋರನ್ನು ಹಿಡಿಯೋದಕ್ಕೂ ಅವರದ್ದೇ ದುಡ್ಡು!

ನನ್ನ ತಕರಾರು ಇದು. ಮೊತ್ತ ಆಮೇಲಿನ ಮಾತು. ಖರ್ಚಾಗುವ ಮುಂಚೆ ಎಷ್ಟಾಗುತ್ತೆ ಅಂತ ಸರ್ಕಾರ ಬಾಯಿ ಬಿಡಲಿಲ್ಲ. ಕೇಳಿದವರಿಗೆ ಆಮೇಲೆ ಹೇಳ್ತೀವಿ ಅಂದ್ರು. ಆಮೇಲೆ ಅಂದ್ರೆ ಒಂದೂವರೆ ವರ್ಷ, ಅಷ್ಟರಲ್ಲಿ ಪ್ರಧಾನಿಯೇ ಬದಲಾಗಿದ್ದಾರೆ. ಮದುವೆ ಊಟಕ್ಕೆ ಕರೆದು, ಮೊಮ್ಮಗುವಿನ ನಾಮಕರಣದ ದಿನ ಬಿಲ್ಲು ಕೈಗಿಟ್ಟ ಹಾಗೆ.

ಇದೇ ರಾಜಮನೆತನ ಕಷ್ಟಕಾಲದಲ್ಲಿ ಇದಕ್ಕಿಂತ ಚೆನ್ನಾಗಿ ನಡೆದುಕೊಂಡಿದ್ದೂ ಇದೆ. 1947ರಲ್ಲಿ ಎಲಿಜಬೆತ್ ಮದುವೆ. ಯುದ್ಧ ಮುಗಿದಿದ್ರೂ ಬಟ್ಟೆಗೆ ರೇಷನ್. ರಾಜಕುಮಾರಿಯ ಮದುವೆ ಉಡುಪಿಗೂ ಕೂಪನ್ ಬೇಕಾಯ್ತು. 1953ರ ಪಟ್ಟಾಭಿಷೇಕದ ಹೊತ್ತಿಗೆ ಸಕ್ಕರೆಗೆ ಇನ್ನೂ ರೇಷನ್ ಇತ್ತು, ಹಬ್ಬದ ಲೆಕ್ಕದಲ್ಲಿ ಪ್ರತಿಯೊಬ್ಬರಿಗೂ ಒಂದು ಪೌಂಡ್ ಸಕ್ಕರೆ ಹೆಚ್ಚಿಗೆ ಕೊಟ್ರು. ಒಂದು ಪೌಂಡ್ ಅಂದ್ರೆ ಅರ್ಧ ಕೇಜಿಗೂ ಕಮ್ಮಿ. ಆದ್ರೂ ರಾಣಿಯ ಹಬ್ಬದಲ್ಲಿ ಪ್ರಜೆಯ ಅಡುಗೆಮನೆಗೂ ಏನೋ ಬಂತು.

ಇದೇ ಕಿರೀಟ ನಮ್ಮ ಕಡೆ ನಡೆದುಕೊಂಡ ರೀತಿ ಹಾಗಿರಲಿಲ್ಲ. 1877ರ ಜನವರಿ 1. ವಿಕ್ಟೋರಿಯಾ ಭಾರತದ ಸಾಮ್ರಾಜ್ಞಿ ಅಂತ ಸಾರೋಕೆ ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ಭಾರೀ ದರ್ಬಾರು ಮಾಡಿದ. ಆಗ ಇಲ್ಲಿ ಏನು ನಡೀತಿತ್ತು ಗೊತ್ತಾ? ಹಳೆ ಮೈಸೂರು ಕಡೆ ಹಿರಿಯರ ಬಾಯಲ್ಲಿ ಧಾತು ಈಶ್ವರ ಬರ ಅಂತ ಕೇಳಿರ್ತೀರಿ. ಅದೇ ಬರ. ಮೈಸೂರು ಸಂಸ್ಥಾನದಲ್ಲಿ ಆಗ ಬ್ರಿಟಿಷ್ ಕಮಿಷನರರ ಆಡಳಿತ. 1871ರ ಜನಗಣತಿಯಲ್ಲಿ 50 ಲಕ್ಷ ಇದ್ದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಬೆಳೀಬೇಕಾದ ಜನಸಂಖ್ಯೆ ಎಂಟು ಲಕ್ಷ ಕಮ್ಮಿ ಆಯ್ತು. ದರ್ಬಾರಿನ ತುತ್ತೂರಿ ಮಾತ್ರ ನಿಲ್ಲಲಿಲ್ಲ.

ಈಗ ಮೈಸೂರಿಗೆ ಬಂದೆ ನೋಡಿ. ನಮ್ಮ ರಾಜರ ರಾಜಧನ 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿಯಲ್ಲಿ ಹೋಯ್ತು. ಅಂಬಾರಿಯಲ್ಲಿ ಈಗ ಕೂರೋದು ಚಾಮುಂಡೇಶ್ವರಿ. ಅರಮನೆಯವರು ತಮ್ಮ ಖಾಸಗಿ ದರ್ಬಾರು ತಾವು ಮಾಡ್ಕೊತಾರೆ. ಹೊರಗಿನ ನಾಡಹಬ್ಬ ಸರ್ಕಾರದ್ದು, ಅಂದ್ರೆ ನಿಮ್ಮದು. ಹೀಗಿದ್ರೂ ಬರ ಬಂದಾಗಲೆಲ್ಲಾ ಅದೇ ಪ್ರಶ್ನೆ. ಕಳೆದ ವರ್ಷ 2023ರ ದಸರಾ ಹೊತ್ತಿಗೆ 236 ತಾಲೂಕುಗಳಲ್ಲಿ 216 ಬರಪೀಡಿತ ಅಂತ ಘೋಷಣೆ ಆಗಿತ್ತು, ಕಾವೇರಿಗೆ ಎರಡೆರಡು ಬಂದ್ ಆಗಿತ್ತು. ನಾನೇ ಈ ಕುರ್ಚಿಯಲ್ಲಿ ಕೂತು, ಬರಗಾಲದಲ್ಲಿ ಅರಮನೆಗೆ ಲಕ್ಷ ದೀಪ ಬೇಕಾ ಅಂತ ಏರಿದ ಗಂಟಲಲ್ಲಿ ಕೇಳಿದ್ದೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಅಂತಲೂ ಅಂದಿದ್ದೆ.

ಅದಾಗಿ ಒಂದು ವಾರಕ್ಕೆ ಲೈವ್ ಮಾಡೋಕೆ ಮೈಸೂರಿಗೆ ಹೋದೆ. ದೇವರಾಜ ಮಾರ್ಕೆಟ್ ಹತ್ತಿರ ಸೇವಂತಿಗೆ ಮಾರ್ತಿದ್ದ ಒಬ್ಬ ಅಮ್ಮ ನನ್ನ ಮುಖ ಗುರುತು ಹಿಡಿದ್ರು. ಮಾಲೆ ಕಟ್ಟೋದು ನಿಲ್ಲಿಸದೇನೇ ಹೇಳಿದ್ರು: "ಸಿಂಪಲ್ ದಸರಾ ಸಿಂಪಲ್ ದಸರಾ ಅಂತ ಟಿವೀಲಿ ಬಡ್ಕೊತೀರಲ್ಲ ಸಾ, ಸಿಂಪಲ್ ಅಂದ್ರೆ ನಮ್ಗೆ ಯಾಪಾರ ಇಲ್ಲ ಅಂತ. ಕೊರೊನಾ ದಸರಾದಾಗ ಅರಮನೆ ಒಳಗೇ ಮೆರವಣಿಗೆ ಮುಗಿಸ್ಬುಟ್ರು. ಆವತ್ತು ನನ್ ಹೂವೆಲ್ಲಾ ದನಕ್ಕೆ ಹಾಕ್ದೆ."

ನನ್ನ ಹತ್ರ ಉತ್ತರ ಇರಲಿಲ್ಲ. "ಹಾಗಲ್ಲಮ್ಮ" ಅಂತ ಶುರು ಮಾಡಿದೆ, ಮುಂದಕ್ಕೆ ಹೋಗಲಿಲ್ಲ.

ಆಮೇಲೆ ಯೋಚನೆ ಮಾಡಿದಾಗ ಅನ್ನಿಸಿದ್ದು, ಆ ಅಮ್ಮನಿಗೆ ಬೇಕಾಗಿದ್ದು ಜನಸಂದಣಿ. ವಿಐಪಿ ಪಾಸು, ಫ್ಲೆಕ್ಸು, ಬಾಲಿವುಡ್ ಗಾಯಕರ ಸಂಭಾವನೆ ಇವು ಯಾವುವೂ ಆಕೆಯ ಬುಟ್ಟಿಗೆ ಬರೋದಿಲ್ಲ. ಈ ವರ್ಷ ಮಳೆ ಚೆನ್ನಾಗಾಯ್ತು, ದಸರಾ ಅದ್ದೂರಿಯಾಯ್ತು, ಆಕಾಶದಲ್ಲಿ ಡ್ರೋನುಗಳು ಕುಣಿದವು. ನೋಡೋಕೆ ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಉಸ್ತುವಾರಿ ಸಚಿವರು ಪತ್ರಿಕಾಗೋಷ್ಠಿ ಕರೆದು ದಸರಾ ಲೆಕ್ಕ ಬಿಡುಗಡೆ ಮಾಡಿದ ವರ್ಷಗಳೂ ಇವೆ, ಆ ವಿಷಯದಲ್ಲಿ ನಾವು ಲಂಡನ್ನಿಗಿಂತ ವಾಸಿ. ಆದ್ರೆ ಅದೂ ಹಬ್ಬ ಮುಗಿದ ಮೇಲೆ. ಮುಂದಿನ ಸಲ ಆನೆಗಳು ಕಾಡಿನಿಂದ ಹೊರಡೋ ಗಜಪಯಣದ ದಿನವೇ, ಇಷ್ಟು ಖರ್ಚು, ಇಂತಿಂಥದಕ್ಕೆ ಅಂತ ಒಂದು ಹಾಳೆ ಅರಮನೆ ಗೇಟಿಗೆ ಅಂಟಿಸಲಿ. ಹೂ ಮಾರೋ ಅಮ್ಮನಿಗೂ ಕಾಣೋ ಹಾಗೆ, ಕನ್ನಡದಲ್ಲಿ.

ಸಮಯ ಮೀರ್ತಾ ಇದೆ, ಒಳಗಿಂದ ಪ್ರೊಡ್ಯೂಸರ್ ಕೂಗ್ತಿದ್ದಾರೆ. ಬ್ರೇಕ್ ಆದ ಮೇಲೆ ನಮ್ಮದೇ ರಾಜ್ಯದ ಬಿಪಿಎಲ್ ಕಾರ್ಡ್ ಗೊಂದಲ. ಕಾರ್ಡು ಹೋಯ್ತು ಅಂತ ಆಹಾರ ಇಲಾಖೆ ಕಚೇರಿ ಮುಂದೆ ನಿಂತವರ ಜೊತೆ ಮಾತಾಡಿಸ್ತೀನಿ. ಎಲ್ಲೂ ಹೋಗಬೇಡಿ.