ಹಬ್ಬದ ಒಲೆಯ ಮುಂದಿನ ತಾಯಿ



ಶತಮಾನೋತ್ಸವದ ಈ ಶುಭದಿನದಂದು, ಯಾವ ಶಿಲಾಫಲಕದಲ್ಲಿಯೂ ಹೆಸರಿಲ್ಲದ ಓರ್ವ ತಾಯಿಯನ್ನು ನಾವು ಸ್ಮರಿಸುತ್ತೇವೆ. ಮಕ್ಕಳನ್ನು ವಿಶ್ವಾಸದಲ್ಲಿ ಬೆಳೆಸಿದ ಆಕೆ, ಪ್ರತಿವರ್ಷದ ಹಬ್ಬಕ್ಕೆ ದೇವಾಲಯದ ಹಿಂದೆ ಒಲೆ ಹೂಡಿ ಅಡುಗೆ ಮಾಡಿ, ಎಲ್ಲರೂ ಉಂಡ ಬಳಿಕವೇ ಉಣ್ಣುತ್ತಿದ್ದರು.

ಮಾರ್ತಳಿಗಿಂತ ಮರಿಯಳೇ ಮೇಲೆಂದು ನಾವೊಮ್ಮೆ ಪ್ರಬೋಧಿಸಿದೆವು. “ಹಾಗಾದರೆ ನನ್ನ ಪಾಲು ಯಾವುದು, ಸ್ವಾಮಿ?” ಎಂದು ಆಕೆ ಮೆಲ್ಲನೆ ಕೇಳಿದರು. ನಾವು ನಿರುತ್ತರರಾದೆವು. ಸಂತ ಯೊವಾನ್ನರ ಶುಭಸಂದೇಶದ 11ನೆಯ ಅಧ್ಯಾಯವನ್ನು ಮತ್ತೆ ಓದಿದಾಗ ಉತ್ತರ ದೊರೆಯಿತು: ಸಹೋದರನನ್ನು ಕಳೆದುಕೊಂಡ ದುಃಖದಲ್ಲಿಯೂ ಯೇಸುವನ್ನು ದೇವಪುತ್ರರೆಂದು ನಿವೇದಿಸಿದವಳು ಅದೇ ಮಾರ್ತ! 2021ರಿಂದ ಧರ್ಮಸಭೆಯು ಜುಲೈ 29ರಂದು ಮಾರ್ತ, ಮರಿಯ, ಲಾಸರ ಮೂವರನ್ನೂ ಒಟ್ಟಿಗೆ ಸ್ಮರಿಸುತ್ತಿದೆ.

ಇದನ್ನು ತಿಳಿಸುವ ಮುನ್ನವೇ ಆ ತಾಯಿ ದೇವರಲ್ಲಿ ಐಕ್ಯರಾದರು. ಇಂದು ಪಂಕ್ತಿಯಲ್ಲಿ ಕುಳಿತಾಗ, ನಿಮಗೆ ಬಡಿಸುವವರ ಊಟವಾಯಿತೇ ಎಂದು ದಯವಿಟ್ಟು ವಿಚಾರಿಸಿರಿ.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.