ಕೊಟ್ಟಿಗೆಗೆ ಬಂದ ನೀಲಿ ಡ್ರಮ್ಮು

(ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯರೊಬ್ಬರು ಮಾಡಿದ ಭಾಷಣ)



ಕಾರ್ಖಾನೆ ತ್ಯಾಜ್ಯದ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದಾರೆ. ಅದು ಪಟ್ಟಣದವರ ತಲೆನೋವು, ನಮಗೇಕೆ ಎಂದು ತಮಗೆ ಅನಿಸಬಹುದು. ಆದರೆ ತಾವು ದಿನಾ ಹಸುವಿನ ಮುಂದಿಡುವ ಪಶು ಆಹಾರದಲ್ಲಿ ಬಹುಪಾಲು ಕಾರ್ಖಾನೆಗಳ ಉಳಿಕೆಯೇ. ಎಣ್ಣೆ ಗಾಣದ ಹಿಂಡಿ, ಅಕ್ಕಿ ಗಿರಣಿಯ ತೌಡು, ಸಕ್ಕರೆ ಕಾರ್ಖಾನೆಯ ಕಾಕಂಬಿ.

ಸಕ್ಕರೆ ಕಾರ್ಖಾನೆಯನ್ನೇ ನೋಡಿ. 100 ಟನ್ ಕಬ್ಬು ಅರೆದರೆ ಸುಮಾರು 30 ಟನ್ ಸಿಪ್ಪೆ, 3-4 ಟನ್ ಮಡ್ಡಿ, 4 ಟನ್ನಿನಷ್ಟು ಕಾಕಂಬಿ ಉಳಿಯುತ್ತದೆ. ಸಿಪ್ಪೆ ಬಾಯ್ಲರಿನಲ್ಲಿ ಉರಿದು ವಿದ್ಯುತ್ತಾಗುತ್ತದೆ. ಮಡ್ಡಿ ಗೊಬ್ಬರವಾಗಿ ಹೊಲ ಸೇರುತ್ತದೆ. ಕಾಕಂಬಿಯಿಂದ ಮದ್ಯಸಾರ ತೆಗೆಯುವಾಗ ಮಾತ್ರ ತೊಡಕು: ಒಂದು ಲೀಟರಿಗೆ 8ರಿಂದ 15 ಲೀಟರ್ ಕಂದು ನೀರು ಬರುತ್ತದೆ. ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತವೆ. ಅದರಿಂದಲೂ ಗ್ಯಾಸ್ ತೆಗೆಯಬಹುದು.

ಇವೆಲ್ಲ ಮತ್ತೆ ಉಪಯೋಗಕ್ಕೆ ಬರುವುದು ಅವುಗಳಲ್ಲಿ ಏನಿದೆ ಎಂಬುದು ಗೊತ್ತಿರುವುದರಿಂದ. ರಾಸಾಯನಿಕ ತುಂಬಿದ್ದ ಡ್ರಮ್ಮಿನ ವಿಷಯ ಹಾಗಲ್ಲ. ಅದರ ಚೀಟಿ ಕಿತ್ತುಹೋದ ಮೇಲೆ ಒಳಗೆ ಏನಿತ್ತೆಂದು ಹೇಳುವವರಿಲ್ಲ.

ನಮ್ಮ ದೇಶದಲ್ಲಿ ಅಪಾಯಕಾರಿ ತ್ಯಾಜ್ಯಕ್ಕೆ 1989ರಲ್ಲಿ ನಿಯಮಗಳು ಬಂದವು. 2016ರಲ್ಲಿ ಹೊಸದಾಗಿ ರೂಪಿಸಿದರು. ರಾಸಾಯನಿಕ ಅಂಟಿದ ಖಾಲಿ ಪೀಪಾಯಿ, ಎಂಜಿನ್ನಿನಿಂದ ಇಳಿಸಿದ ಹಳೆಯ ಎಣ್ಣೆ, ಎರಡೂ ಆ ಪಟ್ಟಿಯಲ್ಲಿವೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದ್ದವರಿಗೇ ಅವನ್ನು ಕೊಡಬೇಕು. ಲಾರಿಯ ಜೊತೆ ದಾಖಲೆ ಪತ್ರ ಹೋಗಬೇಕು. ಸುಡಬಹುದಾದ್ದು ಸಿಮೆಂಟಿನ ಗೂಡಿಗೋ ವಿಶೇಷ ಕುಲುಮೆಗೋ ಹೋಗುತ್ತದೆ. ಏನೂ ಮಾಡಲಾಗದ್ದನ್ನು ಜೇಡಿಮಣ್ಣು, ದಪ್ಪ ಪ್ಲಾಸ್ಟಿಕ್ ಹಾಸಿದ ಗುಂಡಿಯಲ್ಲಿ ತುಂಬಿ ಮುಚ್ಚುತ್ತಾರೆ. ಅಲ್ಲಿಗೆ ಮುಗಿಯಲಿಲ್ಲ, ಆಮೇಲೂ ವರ್ಷಾನುಗಟ್ಟಲೆ ಸುತ್ತಲಿನ ಅಂತರ್ಜಲ ಪರೀಕ್ಷಿಸುತ್ತಿರಬೇಕು.

ಕಾಗದದ ಮೇಲೆ ಇಷ್ಟು. ಗುಜರಿಯವನು ಡ್ರಮ್ಮಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಅದು ಸಂತೆಗೆ ಬರುತ್ತದೆ, ಸಂತೆಯಿಂದ ನಮ್ಮ ಕೊಟ್ಟಿಗೆಗೆ. ಮುಸುರೆಗೆ, ಬೂಸಾ ನೆನೆಸಲು ಒಳ್ಳೆಯ ಗಾತ್ರ ನೋಡಿ! ಬೂದಿ ಹಾಕಿ ತಿಕ್ಕಿದ್ದೇವೆ ಸಾರ್ ಎನ್ನುತ್ತಾರೆ. ಕೆಲವು ರಾಸಾಯನಿಕಗಳು ಪ್ಲಾಸ್ಟಿಕ್ಕಿನೊಳಗೇ ಇಳಿದಿರುತ್ತವೆ, ತಿಕ್ಕಿದರೆ ಬಿಡುವುದಿಲ್ಲ. ಆ ತೊಳೆದ ನೀರು ಹೋದದ್ದಾದರೂ ಎಲ್ಲಿಗೆ? ಹಿತ್ತಲಿಗೆ.

ಒಮ್ಮೆ ರಾತ್ರಿ ನನ್ನನ್ನು ಒಂದು ಹಸು ನೋಡಲು ಕರೆದೊಯ್ದರು. ಕಣ್ಣು ಕಾಣುತ್ತಿರಲಿಲ್ಲ, ಹಲ್ಲು ಕಡಿಯುತ್ತ ತಲೆಯನ್ನು ಗೋಡೆಗೆ ಒತ್ತಿ ನಿಂತಿತ್ತು. ಹುಚ್ಚುನಾಯಿ ಕಡಿದಿದೆಯೆಂದು ಮನೆಯವರ ಭಯ. (ಆ ಭಯ ತಪ್ಪಲ್ಲ. ಇಂಥ ಹಸುವಿನ ಬಾಯಿಗೆ ಕೈ ಹಾಕಬೇಡಿ.) ಹಿತ್ತಲಲ್ಲಿ ಒಡೆದ ಹಳೆಯ ಬ್ಯಾಟರಿ ಬಿದ್ದಿತ್ತು, ಅದನ್ನು ನೆಕ್ಕಿತ್ತು. ಅದು ಸೀಸದ ವಿಷ. ಬೆಳಗಾಗುವುದರೊಳಗೆ ಹಸು ಸತ್ತಿತು. ಮನೆಯಾಕೆ ಕೇಳಿದ್ದು ಒಂದೇ: "ನಿನ್ನೆ ಸಂಜೆ ಡೈರಿಗೆ ಹಾಕಿದ ಹಾಲು?" ಸೀಸ ಹಾಲಿನಲ್ಲಿಯೂ ಬರುತ್ತದೆ. ನಾನು ಸುಳ್ಳು ಹೇಳಲಿಲ್ಲ.

ಆದುದರಿಂದ ಮುಸುರೆಗೆ ಸಿಮೆಂಟಿನ ಬಾನಿ ಕಟ್ಟಿಸಿಕೊಳ್ಳಿ. ಹಳೆಯ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಅಂಗಡಿಗೇ ಹಿಂದಿರುಗಿಸಿ, ದುಡ್ಡೂ ಕಡಿಮೆಯಾಗುತ್ತದೆ. ಉಣ್ಣೆ ಬಿದ್ದ ದನಕ್ಕೆ ಟ್ರ್ಯಾಕ್ಟರಿನ ಸುಟ್ಟ ಎಣ್ಣೆ ಹಚ್ಚುವವರಿದ್ದಾರೆ. ದನ ಮೈ ನೆಕ್ಕುತ್ತದೆ ಎಂಬುದು ತಮಗೆ ಗೊತ್ತೇ ಇದೆ. ಉಣ್ಣೆಗೆ ಔಷಧಿಯನ್ನು ಪಶು ಆಸ್ಪತ್ರೆಯಲ್ಲಿ ಕೇಳಿ ಪಡೆಯಿರಿ.